ಹೆಲಿಕಾಪ್ಟರ್ ಬಂದ ಮೇಲೆ ಅದರ ಉಸ್ತುವಾರಿ ಯಾರದು?

ಮಾನ್ಯರೇ,

ಬೇಸಿಗೆ ಬಂತೆಂದರೆ ಓದುಗರ ಅಂಕಣದಲ್ಲಿ ಒಂದು ಪತ್ರ ತಪ್ಪದೆ ಬರುತ್ತದೆ. ಕಾಡಿಗೆ ಬೆಂಕಿ ಬಿದ್ದಿದೆ, ಸರ್ಕಾರ ಕೂಡಲೇ ಹೆಲಿಕಾಪ್ಟರ್ ಕಳಿಸಲಿ ಅಂತ. ಕಳಕಳಿ ಸರಿಯೇ. ಆದರೆ ಹೆಲಿಕಾಪ್ಟರ್ ಬಂದ ಮೇಲೆ ಏನು ಅಂತ ಯಾರೂ ಬರೆಯುವುದಿಲ್ಲ. ಅದು ಎಲ್ಲಿ ಇಳಿಯಬೇಕು, ಯಾವ ಕೆರೆಯಲ್ಲಿ ನೀರು ತುಂಬಬೇಕು, ಎಲ್ಲಿ ಸುರಿಯಬೇಕು ಅಂತ ಪೈಲಟ್‌ಗೆ ಹೇಳುವವರು ಯಾರು? ನಾನು ಬಂಡೀಪುರದ ಅಂಚಿನವನು. ನನ್ನ ತಕರಾರು ಇಷ್ಟಕ್ಕೇ.

2019ರ ಫೆಬ್ರುವರಿಯ ಬೆಂಕಿ ನಮ್ಮ ಕಡೆಯವರಿಗೆ ಮರೆಯುವಂಥದ್ದಲ್ಲ. 21ನೇ ತಾರೀಖಿನ ಹೊತ್ತಿಗೆ ಹತ್ತಿಕೊಂಡಿದ್ದು ಗೋಪಾಲಸ್ವಾಮಿ ಬೆಟ್ಟದ ಸುತ್ತಮುತ್ತ ಹಬ್ಬಿ ಸಾವಿರಾರು ಎಕರೆ ಸುಟ್ಟಿತು. ವಾಯುಪಡೆಯ ಮಿ-17 ಹೆಲಿಕಾಪ್ಟರ್‌ಗಳು ಕೊಯಮತ್ತೂರು ಹತ್ತಿರದ ಸೂಲೂರಿನಿಂದ ಬಂದು ನೀರು ಸುರಿಯಲು ಶುರು ಮಾಡಿದ್ದು 25ಕ್ಕೆ. ಟಿ.ವಿ.ಯಲ್ಲಿ ನೋಡಿದವರಿಗೆ ಬೆಂಕಿ ಆರಿಸಿದ್ದೇ ಹೆಲಿಕಾಪ್ಟರ್ ಅನ್ನಿಸಿತು. ಅಷ್ಟರಲ್ಲಿ ನಾಲ್ಕು ದಿನ ಹಸಿ ಸೊಪ್ಪು ಹಿಡಿದು ಬಡಿದವರು ಅರಣ್ಯ ಇಲಾಖೆಯ ವಾಚರ್‌ಗಳು, ಗಾರ್ಡ್‌ಗಳು, ಊರ ಹುಡುಗರು, ಮೈಸೂರು, ಬೆಂಗಳೂರಿನಿಂದ ಓಡಿ ಬಂದ ಸ್ವಯಂಸೇವಕರು. ಅವರ ಫೋಟೊಗಳಿಗಿಂತ ಎಲ್ಲಿಂದಲೋ ತಂದ ಸತ್ತ ಪ್ರಾಣಿಗಳ ಸುಳ್ಳು ಫೋಟೊಗಳೇ ವಾಟ್ಸ್‌ಆ್ಯಪ್‌ನಲ್ಲಿ ಜಾಸ್ತಿ ಓಡಾಡಿದವು, ಅದು ಬೇರೆ ಮಾತು.

ಹೆಲಿಕಾಪ್ಟರ್ ಬೇಡ ಅಂತ ನಾನು ಹೇಳುತ್ತಿಲ್ಲ. ಕಾಲಿಡಲಾಗದ ಕಡಿದಾದ ಬೆಟ್ಟದ ಮೈಗೆ ಬೇರೆ ದಾರಿ ಇಲ್ಲ. ಆದರೆ ಅದರ ಲೆಕ್ಕ ತಿಳಿದಿರಲಿ. ಮಿ-17 ಕೆಳಗೆ ಹಗ್ಗದಲ್ಲಿ ತೂಗುಬಿಡುವ ಬಾಂಬಿ ಬಕೆಟ್‌ನಲ್ಲಿ ಹಿಡಿಸುವುದು ಸುಮಾರು 3,500 ಲೀಟರ್. ನಮ್ಮೂರಲ್ಲಿ ಮದುವೆ ಮನೆಗೆ ನೀರು ತರುವ ಟ್ರ್ಯಾಕ್ಟರ್ ಟ್ಯಾಂಕರ್ ಇದ್ದಂತೆ. ಅದನ್ನು ತುಂಬಾ ಮೇಲಿನಿಂದ ಬಿಟ್ಟರೆ ಗಾಳಿಗೆ ಚದುರಿ ನೆಲ ಮುಟ್ಟುವಾಗ ಹನಿಯಷ್ಟೇ ಉಳಿಯುತ್ತದೆ. ತೀರಾ ಕೆಳಗೆ ಬಂದರೆ ರೆಕ್ಕೆಯ ಗಾಳಿಗೆ ಬೆಂಕಿ ಇನ್ನಷ್ಟು ಹೊತ್ತಿಕೊಳ್ಳುತ್ತದೆ. ಕೆಳಗೆ ಜನ ನಿಂತಿದ್ದರೆ ಅಷ್ಟು ನೀರಿನ ಹೊಡೆತಕ್ಕೆ ಒಣ ಕೊಂಬೆ ಮುರಿದು ಅವರ ತಲೆ ಮೇಲೇ ಬೀಳಬಹುದು.

ನೀರು ಬಿದ್ದ ಮೇಲೂ ಕೆಲಸ ಮುಗಿಯುವುದಿಲ್ಲ. ಬಿದ್ದ ದಿಮ್ಮಿಯ ಮೇಲೆ ನೀರು ಸುರಿದರೆ ಹೊರಗಿನ ಉರಿ ಆರುತ್ತದೆ, ಪೊಟರೆಯೊಳಗಿನ ಕೆಂಡ ಹಾಗೇ ಇರುತ್ತದೆ. ಒಣಗಿದ ಆನೆ ಲದ್ದಿ ಇನ್ನೂ ಮೋಸ. ಮೇಲೆ ಬೂದಿ ಕಾಣುತ್ತದೆ, ಕೋಲಿನಿಂದ ಕೆದಕಿದರೆ ಒಳಗೆ ಕೆಂಪಗೆ. ಮಧ್ಯಾಹ್ನ ಗಾಳಿ ಎದ್ದರೆ ಒಂದು ಉಂಡೆ ಉರುಳಿ ಲಂಟಾನ ಪೊದೆಗೆ ತಗುಲಿದರೂ ಸಾಕು, ಮತ್ತೆ ಮೊದಲಿನಿಂದ ಶುರು. ನೀರು ಬಿದ್ದ ಜಾಗಕ್ಕೆ ಕೂಡಲೇ ಆಳು ಹೋಗಿ ಕೆದಕದಿದ್ದರೆ ಆ ಟ್ರಿಪ್ ದಂಡ. ಹಾಗಾಗಿ ಮೇಲಿನವರಿಗೂ ಕೆಳಗಿನವರಿಗೂ ಮಾತು ನಡೆಯುತ್ತಿರಬೇಕು.

ಅದೇ ನಡೆಯುವುದಿಲ್ಲ. ಮಾತನ್ನು ರೇಡಿಯೊ ಅಲೆಗೆ ಏರಿಸುವ ವಿಧಾನ ಎರಡು, ಎಫ್‌ಎಂ ಮತ್ತು ಎಎಂ; ಒಂದರ ಮಾತು ಇನ್ನೊಂದರ ಸೆಟ್ಟಿಗೆ ಸರಿಯಾಗಿ ಕೇಳಿಸುವುದಿಲ್ಲ. ಅರಣ್ಯ ಸಿಬ್ಬಂದಿಯ ವಾಕಿಟಾಕಿ ಎಫ್‌ಎಂ. ವಿಮಾನದವರು ಮಾತಾಡುವ ರೇಡಿಯೊ ಎಎಂ, ಅದರ ಚಾನೆಲ್‌ಗಳೇ ಬೇರೆ. ನಮ್ಮ ಗಾರ್ಡ್ ಎಷ್ಟು ಕೂಗಿದರೂ ಪೈಲಟ್ ಕಿವಿಗೆ ಬೀಳುವುದಿಲ್ಲ. ಅಮೆರಿಕದಲ್ಲಿ ಕಾಡ್ಗಿಚ್ಚಿಗೆ ಹೋಗುವ ಹೆಲಿಕಾಪ್ಟರ್‌ಗಳಲ್ಲಿ ನೆಲದವರ ಜೊತೆ ಮಾತಾಡಲು ಎಫ್‌ಎಂ ಸೆಟ್ಟೂ ಇರುತ್ತದೆ, ಅದಕ್ಕೆಂದೇ ಒಂದು ಚಾನೆಲ್ ಮೀಸಲು. ಇನ್ನು ಜಾಗದ ವಿಷಯ. ‘ಆ ದೊಡ್ಡ ಬಂಡೆ ಆಚೆ ಹಳ್ಳ ಇದೆಯಲ್ಲ, ಅಲ್ಲಿ’ ಅಂದರೆ ವಾಚರ್‌ಗೆ ಗೊತ್ತಾಗುತ್ತದೆ. ಸೂಲೂರಿನಿಂದ ಬಂದ ಪೈಲಟ್‌ಗೆ ಅಕ್ಷಾಂಶ ರೇಖಾಂಶ ಬೇಕು.

ಅಮೆರಿಕದಲ್ಲಿ ಕಾಡ್ಗಿಚ್ಚಿನ ಕೆಲಸಕ್ಕೆ ಪಡೆಯುವ ಹೆಲಿಕಾಪ್ಟರ್‌ಗೆ ಒಬ್ಬ ಮ್ಯಾನೇಜರ್ ಇರುತ್ತಾನೆ. ಹಾರಿಸುವುದು ಅವನ ಕೆಲಸವಲ್ಲ. ಎಷ್ಟು ಭಾರ ಹೊರಬಹುದು, ಯಾರು ಹತ್ತಬೇಕು, ಎಲ್ಲಿ ಇಳಿಯಬೇಕು ಅಂತ ನೋಡಿಕೊಳ್ಳುವವನು ಅವನು. ದೊಡ್ಡ ಬೆಂಕಿಯಾದರೆ ಇನ್ನೊಬ್ಬ ಅಧಿಕಾರಿ ಮೇಲೆ ವಿಮಾನದಲ್ಲಿ ಸುತ್ತುತ್ತಾ ಯಾರು ಮೊದಲು ಯಾರು ಆಮೇಲೆ ಅಂತ ಹೇಳುತ್ತಿರುತ್ತಾನೆ. ಇದು ಸುಮ್ನೆ ಬಂದ ವ್ಯವಸ್ಥೆಯಲ್ಲ. ಇಷ್ಟಿದ್ದೂ ಅಲ್ಲಿ ಅನಾಹುತ ಆಗುತ್ತದೆ. 2008ರ ಆಗಸ್ಟ್ 5ರಂದು ಉತ್ತರ ಕ್ಯಾಲಿಫೋರ್ನಿಯಾದ ಬೆಟ್ಟವೊಂದರ ಮೇಲಿಂದ ಅಗ್ನಿಶಾಮಕರನ್ನು ಹೊತ್ತು ಎದ್ದ ಹೆಲಿಕಾಪ್ಟರ್ ಬಿದ್ದು 9 ಜನ ಸತ್ತರು. ಅದರ ತೂಕವನ್ನು ದಾಖಲೆಯಲ್ಲಿ ಕಡಿಮೆ ತೋರಿಸಿದ್ದರು ಅಂತ ತನಿಖೆಯಲ್ಲಿ ಗೊತ್ತಾಯಿತು. ಬಿಸಿಲು ಏರಿದಷ್ಟೂ, ಎತ್ತರಕ್ಕೆ ಹೋದಷ್ಟೂ ಗಾಳಿ ತೆಳ್ಳಗಾಗಿ ಹೆಲಿಕಾಪ್ಟರ್ ಎತ್ತುವ ಭಾರ ಕಡಿಮೆಯಾಗುತ್ತದೆ. ನಮ್ಮ ಕಾಡಿಗೆ ಬೆಂಕಿ ಬೀಳುವುದೂ ಬಿರುಬಿಸಿಲಿನ ಕಾಲದಲ್ಲೇ, ಅಲ್ವಾ?

ಆಸ್ಟ್ರೇಲಿಯಾದ ಕತೆ ಇನ್ನೂ ವಿಚಿತ್ರ. 2020ರ ಜನವರಿ 27ರಂದು ಕ್ಯಾನ್‌ಬೆರಾ ಪಕ್ಕದ ನಮಾಡ್ಗಿ ರಾಷ್ಟ್ರೀಯ ಉದ್ಯಾನದಲ್ಲಿ ಸೇನೆಯ ಹೆಲಿಕಾಪ್ಟರ್ ಒಂದು ಇಳಿಯಿತು. ಕಾಡ್ಗಿಚ್ಚಿನ ಕೆಲಸಕ್ಕೆ ನೆರವಾಗಲು ಬಂದದ್ದೇ ಅದು. ಅದರ ಲ್ಯಾಂಡಿಂಗ್ ಲೈಟಿನ ಬಿಸಿಗೆ ಒಣಹುಲ್ಲು ಹತ್ತಿಕೊಂಡಿತು. ಒಳಗಿದ್ದವರು ಹೆಲಿಕಾಪ್ಟರ್ ಎಬ್ಬಿಸಿಕೊಂಡು ಹಾರಿ ಹೋದರು. ಬೆಂಕಿ ನಿಖರವಾಗಿ ಎಲ್ಲಿ ಬಿದ್ದಿದೆ ಅಂತ ಅಗ್ನಿಶಾಮಕದವರಿಗೆ ತಿಳಿಯಲು ಸುಮಾರು 45 ನಿಮಿಷ ಹಿಡಿಯಿತು. ಆ ಬೆಂಕಿ ಉದ್ಯಾನದ ಬಹುಪಾಲನ್ನೇ ಸುಟ್ಟಿತು. ಒಳ್ಳೆಯ ಯಂತ್ರ, ತರಬೇತಿ ಪಡೆದ ಜನ ಎಲ್ಲ ಇತ್ತು. ಸೇನೆಯವರ ಬಾಯಿಂದ ಅಗ್ನಿಶಾಮಕದವರ ಕಿವಿಗೆ ಸುದ್ದಿ ಬೇಗ ದಾಟಲಿಲ್ಲ. ನಮ್ಮಲ್ಲೂ ಯಂತ್ರ ವಾಯುಪಡೆಯದು, ಕಾಡು ಅರಣ್ಯ ಇಲಾಖೆಯದು.

ಡ್ರೋನ್ ಬಗ್ಗೆಯೂ ಒಂದು ಮಾತು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಬೆಂಕಿಯಲ್ಲಿ ಒಬ್ಬ ಹಾರಿಸಿದ ಡ್ರೋನ್ ಕೆನಡಾದಿಂದ ಬಂದಿದ್ದ ನೀರು ಸುರಿಯುವ ವಿಮಾನಕ್ಕೆ ಬಡಿದು ರೆಕ್ಕೆಯಲ್ಲಿ ತೂತಾಯಿತು. ರಿಪೇರಿಗೆ ಕೆಲವು ದಿನ ಅದು ನೆಲದಲ್ಲೇ ಕೂತಿತು. ನಮ್ಮಲ್ಲೂ ರೀಲ್ಸ್ ಮಾಡುವವರಿಗೆ ಬರವಿಲ್ಲ. ಬಕೆಟ್ ಮುಳುಗಿಸುವ ಕೆರೆ ಏರಿಯ ಮೇಲೆ ಜಾತ್ರೆಯಂತೆ ಜನ ಸೇರುತ್ತಾರೆ. ಪೊಲೀಸರನ್ನು ಅಲ್ಲಿಗೆ ಹಾಕುವುದೂ ಈ ಉಸ್ತುವಾರಿಯ ಭಾಗವೇ. 2024ರ ಏಪ್ರಿಲ್‌ನಲ್ಲಿ ನೈನಿತಾಲ್‌ ಬೆಂಕಿಗೆ ವಾಯುಪಡೆ ಭೀಮತಾಲ್ ಕೆರೆಯಿಂದ ನೀರು ತೆಗೆದಾಗ, ಹತ್ತಿರದ ನೈನಿ ಸರೋವರದಲ್ಲಿ ದೋಣಿವಿಹಾರ ನಿಲ್ಲಿಸಿದ್ದರು.

ಇದಕ್ಕೆ ಕೋಟಿಗಟ್ಟಲೆ ಬೇಡ. ಕಾಡಿನ ಸುತ್ತ ಬೇಸಿಗೆಯಲ್ಲೂ ಬಕೆಟ್ ಮುಳುಗುವಷ್ಟು ನೀರಿರುವ ಕೆರೆಗಳು ಯಾವುವು, ಅವುಗಳ ಪಕ್ಕ ಕರೆಂಟ್ ತಂತಿ ಹಾದಿದೆಯೇ ಅಂತ ಡಿಸೆಂಬರ್‌ನಲ್ಲೇ ನೋಡಿ ನಕ್ಷೆಯಲ್ಲಿ ಗುರುತು ಹಾಕಬಹುದು. ಇಳಿಯುವ ಜಾಗದ ಹುಲ್ಲು ಸವರಬಹುದು. ಪೈಲಟ್‌ಗಳ ಜೊತೆ ಮಾತಾಡಲು ಒಂದೆರಡು ಎಎಂ ಸೆಟ್ ತರಿಸಿ, ಇಬ್ಬರು ಮೂವರಿಗೆ ಅದರಲ್ಲಿ ಮಾತಾಡಲು ಕಲಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಹೆಲಿಕಾಪ್ಟರ್ ಬಂದ ದಿನ ಬೇರೆ ಯಾವ ಕೆಲಸವನ್ನೂ ಹಚ್ಚದೆ ಇದೊಂದನ್ನೇ ನೋಡಿಕೊಳ್ಳುವ ಅಧಿಕಾರಿಯನ್ನು ಮೊದಲೇ ಹೆಸರಿಸಬೇಕು. ಮಂತ್ರಿಗಳು ಸ್ಥಳಕ್ಕೆ ಬಂದರೂ ಅವರ ಹಿಂದೆ ಓಡಬೇಕಾಗಿಲ್ಲದ ಒಬ್ಬರು.

ವರ್ಷವೂ ಬೇಸಿಗೆಗೆ ಮುಂಚೆ ಬೆಂಕಿ ದಾಟದಂತೆ ಹುಲ್ಲು ಪೊದೆ ಸವರಿ ಮಾಡುವ ಬೆಂಕಿ ರೇಖೆ ಎಷ್ಟು ಕಿಲೋಮೀಟರ್ ಮಾಡಿದೆವು ಅಂತ ಇಲಾಖೆ ಹೇಳುತ್ತದೆ, ನೀವೂ ಅಚ್ಚು ಹಾಕುತ್ತೀರಿ. ಮುಂದಿನ ಸಲ ನಿಮ್ಮ ವರದಿಗಾರರು ಆ ಅಧಿಕಾರಿ ಯಾರು, ಕೆರೆಗಳ ಪಟ್ಟಿ ಎಲ್ಲಿದೆ ಅಂತ ಇಲಾಖೆಯವರನ್ನು ಕೇಳಿ, ಬಂದ ಉತ್ತರವನ್ನೂ ಅದರ ಪಕ್ಕದಲ್ಲೇ ಹಾಕಲಿ.

ಇಂತಿ,
ಒಬ್ಬ ಓದುಗ
ಗುಂಡ್ಲುಪೇಟೆ ತಾಲ್ಲೂಕು