ಎಂಟನೇ ತರಗತಿಯ ಚರ್ಚ್ ಭೇಟಿ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ, ನಮಸ್ಕಾರ.

ಬರುವ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಎಂಟನೇ ತರಗತಿಯ ಮಕ್ಕಳನ್ನು ನಮ್ಮ ಗುಬ್ಬಿಯ ವಿಲಿಯಂ ಆರ್ಥರ್ ಸ್ಮಾರಕ ಚರ್ಚಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಸಮಾಜ ವಿಜ್ಞಾನದಲ್ಲಿ ಈ ವರ್ಷ ಊರಿನ ಇತಿಹಾಸದ ಪ್ರಾಜೆಕ್ಟ್ ನಡೆಯುತ್ತಿದೆಯಲ್ಲ, ಅದರ ಭಾಗ ಇದು. ಈ ಹಿಂದೆ ಚನ್ನಬಸವೇಶ್ವರ ದೇವಸ್ಥಾನಕ್ಕೆ ಹೋಗಿದ್ದೆವು. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯ ಬಗ್ಗೆ ಬರೆಸಿದ್ದೆವು. ಆಗ ಯಾರೂ ಏನೂ ಕೇಳಲಿಲ್ಲ. ಈ ಸಲ ಮಾತ್ರ ಫೋನ್ ಮೇಲೆ ಫೋನ್. "ಮೇಷ್ಟ್ರೇ, ಚರ್ಚಿಗೆ ಯಾಕೆ? ಅಲ್ಲಿ ಪ್ರಾರ್ಥನೆ ಮಾಡಿಸ್ತಾರಾ?" ಅಂತ. ಕೇಳಿದ್ದು ಒಳ್ಳೆಯದೇ ಆಯಿತು. ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಪ್ರಾರ್ಥನೆ ಮಾಡಿಸುವುದಿಲ್ಲ. ಬೋಧನೆಯೂ ಇಲ್ಲ. ಮಕ್ಕಳು ಕಟ್ಟಡ ನೋಡುತ್ತಾರೆ, ಕಲ್ಲಿನ ಮೇಲೆ, ಗೋಡೆಯ ಮೇಲೆ ಏನೇನು ಬರೆದಿದೆಯೋ ಬರೆದುಕೊಳ್ಳುತ್ತಾರೆ, ಸಭೆಯ (ಅಂದರೆ ಆ ಚರ್ಚಿಗೆ ಸೇರಿದ ಕ್ರೈಸ್ತರ) ಹಿರಿಯರನ್ನು ಮಾತಾಡಿಸುತ್ತಾರೆ. ಪಾಠ ಹೇಳುವವರು ನಮ್ಮ ಸಮಾಜ ವಿಜ್ಞಾನದ ಮೇಡಂ.

ಇನ್ನು ಯಾಕೆ ಅನ್ನುವ ಪ್ರಶ್ನೆ. ಇದಕ್ಕೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ಈ ಚರ್ಚಿನ ಮೂಲ ವೆಸ್ಲಿಯನ್ ಮೆಥೋಡಿಸ್ಟ್ ಮಿಷನ್, ಅಂದರೆ ಬ್ರಿಟನ್ನಿನ ಒಂದು ಪ್ರಾಟೆಸ್ಟೆಂಟ್ ಕ್ರೈಸ್ತ ಪಂಗಡದ ಧರ್ಮ ಪ್ರಚಾರ ಸಂಸ್ಥೆ. ಅವರು 1820ರ ದಶಕದ ಶುರುವಿನಲ್ಲೇ ಬೆಂಗಳೂರಿಗೆ ಬಂದರು. ಆದರೆ ಅವರ ಮೊದಲ ಕೆಲಸ ದಂಡು ಪ್ರದೇಶದಲ್ಲಿ, ತಮಿಳಿನಲ್ಲಿ. ಕನ್ನಡದ ಸೀಮೆಗೆ ಕಾಲಿಟ್ಟಿದ್ದು ಆಮೇಲೆ. 1837ರಲ್ಲಿ ಥಾಮಸ್ ಹಾಡ್ಸನ್ ಎಂಬ ಮಿಷನರಿ ಗುಬ್ಬಿಗೆ ಬಂದರು. ಗುಬ್ಬಿಯೇ ಯಾಕೆ ಅಂದರೆ, ನನಗೆ ಕಾಣುವ ಕಾರಣ ಸಂತೆ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಈ ಕಡೆ ಓಡಾಡಿದ ಫ್ರಾನ್ಸಿಸ್ ಬುಕಾನನ್ ಕೂಡ ಗುಬ್ಬಿಯ ವ್ಯಾಪಾರದ ಬಗ್ಗೆ ಬರೆದಿದ್ದಾನೆ. ಅಡಿಕೆ, ಬಟ್ಟೆ ಅಂತ ಸುತ್ತಲಿನ ಹಳ್ಳಿಯವರೆಲ್ಲ ಸೇರುವ ಜಾಗ. ನಾಲ್ಕು ಜನರಿಗೆ ಏನಾದರೂ ಹೇಳಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆ ಊರು ಯಾವುದಿತ್ತು? ಆಗ ಮೈಸೂರಿನ ಆಡಳಿತ ಮಹಾರಾಜರ ಕೈಯಲ್ಲಿ ಇರಲಿಲ್ಲ, ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಆಳುತ್ತಿದ್ದರು. ರೈಲು ಇಲ್ಲ. ಬೆಂಗಳೂರಿನಿಂದ ಸುಮಾರು 90 ಕಿಲೋಮೀಟರ್ ಕುದುರೆಯೋ ಎತ್ತಿನ ಗಾಡಿಯೋ ಹಿಡಿದೇ ಬರಬೇಕು.

ಎರಡು ವರ್ಷದ ಮೇಲೆ, 1839ರಲ್ಲಿ, ವಿಲಿಯಂ ಆರ್ಥರ್ ಇಲ್ಲಿಗೆ ಬರಲು ಹಡಗು ಹತ್ತಿದರು. ಐರ್ಲೆಂಡಿನ ಹುಡುಗ. ಹುಟ್ಟಿದ್ದು 1819, ಅಂದರೆ ಆಗ ವಯಸ್ಸು ಇಪ್ಪತ್ತು. ನಮ್ಮ ಮಕ್ಕಳ ಅಣ್ಣಂದಿರು ಡಿಗ್ರಿ ಓದುವ ವಯಸ್ಸು. ಗುಬ್ಬಿಯಲ್ಲಿ ಕೂತು ಕನ್ನಡ ಕಲಿತರು. ಆದರೆ ಆರೋಗ್ಯ ಕೆಟ್ಟಿತು, ಕಣ್ಣಿನ ತೊಂದರೆ ಜಾಸ್ತಿಯಾಯಿತು. 1841ರಲ್ಲಿ ವಾಪಸ್ ಹೋಗಬೇಕಾಯಿತು. ಇಷ್ಟೇ ಅವರ ಗುಬ್ಬಿ ವಾಸ. ಊರಿಗೆ ಹೋದ ಮೇಲೆ 1847ರಲ್ಲಿ ಮೈಸೂರು ಸೀಮೆಯ ಬಗ್ಗೆ ಪುಸ್ತಕ ಬರೆದರು. 1866ರಲ್ಲಿ ಬ್ರಿಟನ್ನಿನ ವೆಸ್ಲಿಯನ್ ಸಭೆಗೆ ಅಧ್ಯಕ್ಷರಾದರು, ಬೆಲ್‌ಫಾಸ್ಟಿನ ಮೆಥೋಡಿಸ್ಟ್ ಕಾಲೇಜಿಗೆ ಮೊದಲ ಪ್ರಿನ್ಸಿಪಾಲ್ ಕೂಡ ಆದರು. 1901ರಲ್ಲಿ ತೀರಿಕೊಂಡರು. 1904ರಲ್ಲಿ ಅವರ ನೆನಪಿಗೆ ಗುಬ್ಬಿಯ ಚರ್ಚು ಎದ್ದಿತು.

ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ಇದ್ದಿದ್ದು ಹೆಚ್ಚೂಕಡಿಮೆ ಎರಡು ವರ್ಷ. ಮತ್ತೆ ಹೆಸರು ಅವರದ್ದೇ ಯಾಕೆ ಇಟ್ರು?" ಅಂದಳು. ಈ ಪ್ರಶ್ನೆಯೇ ನಮ್ಮ ಪ್ರಾಜೆಕ್ಟಿನ ತಿರುಳು. ದೊಡ್ಡ ಹುದ್ದೆಗೆ ಹೋದವರ ಹೆಸರು ಬೋರ್ಡಿಗೆ ಬರುತ್ತದೆ. ಆ ಹುಡುಗನಿಗೆ ಕನ್ನಡ ಕಲಿಸಿದ ಮುನ್ಷಿ ಯಾರು? ಬಿಸಿಲಲ್ಲಿ ಕಲ್ಲು ಹೊತ್ತವರು ಯಾರು? ಮೊದಲು ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾದ ಮನೆಯವರು ಊರಿನಲ್ಲಿ ಹೇಗೆ ಬಾಳಿದರು, ಬಾವಿಯಲ್ಲಿ ನೀರು ಸೇದಲು ಬಿಟ್ಟರಾ? ಇಂಥವರ ಹೆಸರು ಸಿಗುವುದು ಕಷ್ಟ. ಹಾಡ್ಸನ್ನರು ಒಂದು ಒಳ್ಳೆ ಕೆಲಸ ಮಾಡಿದ್ದಾರೆ. ಗುಬ್ಬಿ ಕಡೆಯ ಹಳ್ಳಿಯಲ್ಲಿ ಕ್ರೈಸ್ತನಾಗಿ ಡೇನಿಯಲ್ ಎಂಬ ಹೆಸರು ಪಡೆದ ಒಬ್ಬ ಮುದುಕನ ಬದುಕನ್ನು, ಅದರ ಜೊತೆಗೆ ಇಲ್ಲಿನ ಹಳ್ಳಿಗಳ ದಿನಚರಿಯನ್ನು, 1877ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದರು. ಬರೆದವರು ಮಿಷನರಿ, ಅವರ ಕಣ್ಣಿನಲ್ಲೇ ಕಂಡದ್ದು ಅನ್ನುವುದು ಸರಿ. ಆದರೂ ನಮ್ಮ ಕಡೆಯ ಒಬ್ಬ ಹಳ್ಳಿಗನ ಬಗ್ಗೆ ಅಷ್ಟು ಹಿಂದೆಯೇ ಒಂದಿಡೀ ಪುಸ್ತಕ ಬಂದಿದೆ ಅಂದರೆ ಸಣ್ಣ ಮಾತಲ್ಲ.

ಒಂದು ವಿಷಯ ಮುಚ್ಚಿಡುವುದಿಲ್ಲ. ಮಿಷನರಿಗಳು ಬಂದದ್ದು ಮತ ಪ್ರಚಾರಕ್ಕೇ. ನಮ್ಮ ದೇವರು, ಹಬ್ಬಗಳ ಬಗ್ಗೆ ಖಾರವಾಗಿಯೂ ಬರೆದಿದ್ದಾರೆ. ಮಕ್ಕಳು ಅದನ್ನೂ ತಿಳಿಯಲಿ, ಚರ್ಚೆ ಮಾಡಲಿ. ಆದರೆ ಅವರು ಬಿಟ್ಟುಹೋದದ್ದರಲ್ಲಿ ಎಲ್ಲ ಮತದವರೂ ಬಳಸಿದ್ದು ಬಹಳ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರದ್ದು. ಹಾಸನದ ರೆಡ್‌ಫರ್ನ್ ಆಸ್ಪತ್ರೆಯೂ ಇದೇ ಮಿಷನ್ನಿನದು. ಜನ ಹೆಸರು ಹೇಳುವುದಿಲ್ಲ, ಸುಮ್ನೆ 'ಮಿಷನ್ ಆಸ್ಪತ್ರೆ' ಅಂತಾರೆ. ನಿಮ್ಮ ಮನೆಯಲ್ಲೇ ಯಾರಾದರೂ ಅಲ್ಲಿ ಹುಟ್ಟಿರಬಹುದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮುದ್ರಣದ ಕಥೆ. 1840ರಲ್ಲಿ ಬೆಂಗಳೂರಿನಲ್ಲಿ ವೆಸ್ಲಿಯನ್ ಮಿಷನ್ ಪ್ರೆಸ್ ಶುರುವಾಯಿತು. ಹಾಡ್ಸನ್ ಬರೆದ ಕನ್ನಡ ವ್ಯಾಕರಣ 1859ರಲ್ಲಿ ಬಂತು. ವಿಲಿಯಂ ರೀವ್ ಎಂಬ ಹಿಂದಿನ ಮಿಷನರಿಯ ಕನ್ನಡ ನಿಘಂಟನ್ನು ಈ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ ತಿದ್ದಿ ದೊಡ್ಡದು ಮಾಡಿದ್ದು 1858ರಲ್ಲಿ. ಜಾನ್ ಗ್ಯಾರೆಟ್ ಎಂಬ ಮಿಷನರಿ 1849ರಲ್ಲಿ ಭಗವದ್ಗೀತೆಯನ್ನೇ ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಸೇರಿಸಿ ಹೊರತಂದರು. ಚರ್ಚಿನವರು ಗೀತೆ ಅಚ್ಚು ಹಾಕಿದ್ದಾರೆ ಅಂದಾಗ ಮಕ್ಕಳು ನಂಬಲೇ ಇಲ್ಲ!

ಆ ಕಾಲದಲ್ಲಿ ಅಕ್ಷರದ ಅಚ್ಚು ಕೊರೆಯುವುದು ಎಷ್ಟು ಕಷ್ಟ ಅಂತ ತಿಳಿಯಲು ಹೋದ ವಾರ ಕ್ಲಾಸಿನಲ್ಲಿ ಆಲೂಗಡ್ಡೆ ಹಂಚಿದೆವು. 'ಗುಬ್ಬಿ' ಅಂತ ಕೊರೆದು, ಇಂಕ್ ಪ್ಯಾಡಿಗೆ ಒತ್ತಿ, ಹಾಳೆಯ ಮೇಲೆ ಮೂಡಿಸಬೇಕು. ಮೊದಲ ಸುತ್ತಿನಲ್ಲಿ ಎಲ್ಲರದ್ದೂ ತಿರುಗುಮುರುಗು. ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಕೊರೆಯಬೇಕು ಅನ್ನುವುದು ಹೊಳೆದ ಮೇಲೆ 'ಗು' ಸರಿಯಾಯಿತು. 'ಬ್ಬಿ' ಮಾತ್ರ ಕೈಕೊಟ್ಟಿತು. ಮೇಲೆ ಗುಡಿಸು, ಕೆಳಗೆ ಒತ್ತು, ನಡುವೆ ಕೂದಲೆಳೆ ಜಾಗ. ಒತ್ತಿದರೆ ಸಾಕು, ಒತ್ತಕ್ಷರ ಕಿತ್ತುಕೊಂಡು ಬರುತ್ತಿತ್ತು. ಕೊನೆಗೆ ಒಬ್ಬ ಹುಡುಗ ಒತ್ತನ್ನು ಬೇರೆ ತುಂಡಿನಲ್ಲಿ ಕೊರೆದು ಕೆಳಗೆ ಜೋಡಿಸಿದ. ಹಳೆಯ ಪ್ರೆಸ್ಸುಗಳಲ್ಲಿ ಮೊಳೆ (ಸೀಸದ ಅಕ್ಷರದಚ್ಚು) ಜೋಡಿಸುತ್ತಿದ್ದವರು ಮಾಡುತ್ತಿದ್ದದ್ದೂ ಅದನ್ನೇ. ಸಮವಸ್ತ್ರಕ್ಕೆ ಇಂಕು ಹತ್ತಿದ ಬಗ್ಗೆ ಡೈರಿಯಲ್ಲಿ ಬರೆದ ತಾಯಂದಿರು ದಯವಿಟ್ಟು ಕ್ಷಮಿಸಿ.

ಸಭೆ ಬೆಳೆದ ಬಗೆಯನ್ನು ಹೇಳುವಾಗ 1876-78ರ ದೊಡ್ಡ ಬರಗಾಲ ಬಿಡುವಂತಿಲ್ಲ. ಮೈಸೂರು ಸಂಸ್ಥಾನದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ತಬ್ಬಲಿ ಮಕ್ಕಳಿಗಾಗಿ ಈ ಮಿಷನ್ನಿನವರು ತುಮಕೂರಿನಲ್ಲಿ ಗಂಡುಮಕ್ಕಳಿಗೆ, ಹಾಸನದಲ್ಲಿ ಹೆಣ್ಣುಮಕ್ಕಳಿಗೆ ಅನಾಥಾಲಯ ನಡೆಸಿದರು. ಹಳೇ ಮೈಸೂರಿನ ಎಷ್ಟೋ ಕ್ರೈಸ್ತ ಮನೆತನಗಳ ಬೇರು ಅಲ್ಲಿದೆ. ಹಿರಿಯರನ್ನು ಮಾತಾಡಿಸುವಾಗ ಈ ವಿಷಯ ಬಂದರೆ ಮೆತ್ತಗೆ ಕೇಳಬೇಕು, ಅವರಾಗಿ ಹೇಳಿದಷ್ಟನ್ನೇ ಬರೆದುಕೊಳ್ಳಬೇಕು ಅಂತ ಮಕ್ಕಳಿಗೆ ಹೇಳಿದ್ದೇವೆ. ನೀವೂ ಒಂದು ಮಾತು ಹೇಳಿ.

ಒಂದೆರಡು ಗೊಂದಲ ಇಲ್ಲೇ ಬಗೆಹರಿಸುತ್ತೇನೆ. ಬೆಂಗಳೂರಿನ ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚು ಕೂಡ 1904ರದ್ದೇ, ಇದೇ ಮಿಷನ್ನಿನದೇ. ಆದರೆ ಅದು ಶಾಲೆಗಳಿಗಾಗಿ ದುಡಿದ ಜೋಸಾಯ ಹಡ್ಸನ್ ನೆನಪಿನದು, ನಮ್ಮ ಥಾಮಸ್ ಹಾಡ್ಸನ್ ಬೇರೆ. ಇನ್ನೊಂದು: ಬೀದರ್, ಕೋಲಾರದ ಕಡೆಯ ಮೆಥೋಡಿಸ್ಟ್ ಚರ್ಚುಗಳು ಅಮೆರಿಕದ ಮಿಷನ್ನಿನಿಂದ ಬಂದವು, ಇವತ್ತಿಗೂ ಮೆಥೋಡಿಸ್ಟ್ ಹೆಸರಿನಲ್ಲೇ ಇವೆ. ಗುಬ್ಬಿಯದು ಬ್ರಿಟಿಷ್ ಶಾಖೆ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತದ ಆ ಮೆಥೋಡಿಸ್ಟರು, ಆಂಗ್ಲಿಕನ್ನರು (ಇಂಗ್ಲೆಂಡಿನ ಚರ್ಚಿಗೆ ಸೇರಿದವರು) ಮತ್ತೆ ಕೆಲವು ಸಭೆಗಳವರು ಒಂದಾಗಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಆಯಿತು. ಹಾಗಾಗಿ ಬೋರ್ಡಿನಲ್ಲಿ ಮೆಥೋಡಿಸ್ಟ್ ಅಂತ ಕಾಣದಿದ್ದರೆ ಮಕ್ಕಳು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ನಿಮ್ಮಿಂದ ಒಂದು ಸಹಾಯ ಬೇಕು. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಮಕ್ಕಳ ಜೊತೆ ಒಂದರ್ಧ ಗಂಟೆ ಕೂರಿಸಿ. ಮಿಷನ್ ಶಾಲೆಯಲ್ಲಿ ಓದಿದವರು, ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ಕುಂಬಳಕಾಯಿ ಕೂಗಿದವರು, ಹಳೆ ಫೋಟೋ ಇಟ್ಟುಕೊಂಡವರು ಯಾರಿದ್ದರೂ ಸರಿ. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡು ಬರಲಿ. ಫೋಟೋ ಕೊಟ್ಟು ಕಳಿಸಬೇಡಿ, ಮೊಬೈಲಿನಲ್ಲಿ ತೆಗೆದು ಕಳಿಸಿದರೆ ಸಾಕು.

ಒಪ್ಪಿಗೆ ಚೀಟಿ ಈ ಪತ್ರದ ಕೆಳಗಿದೆ. ಸಹಿ ಮಾಡಿ ಗುರುವಾರದೊಳಗೆ ಕ್ಲಾಸ್ ಟೀಚರಿಗೆ ಕೊಡಿ. ಇಷ್ಟವಿಲ್ಲದಿದ್ದರೆ 'ಬೇಡ' ಅಂತ ಬರೆದರೂ ಆಯಿತು, ಅಂಥ ಮಕ್ಕಳಿಗೆ ಆ ಹೊತ್ತಿನಲ್ಲಿ ಲೈಬ್ರರಿಯಲ್ಲಿ ಬೇರೆ ಕೆಲಸ ಕೊಡುತ್ತೇವೆ, ಅಂಕದಲ್ಲಿ ವ್ಯತ್ಯಾಸ ಇಲ್ಲ. ನಡೆದೇ ಹೋಗುತ್ತೇವೆ. ನೀರಿನ ಬಾಟಲ್, ಟೋಪಿ, ನೋಟ್ ಬುಕ್ ಇರಲಿ. ಮಳೆ ಬಂದರೆ ಮುಂದಿನ ಶನಿವಾರಕ್ಕೆ ಹಾಕುತ್ತೇವೆ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು
ಗುಬ್ಬಿ