ಹೂಂ ಅಂದರೆ ಹೌದಾ, ಇಲ್ಲವಾ? ಚಿಕ್ಕಮ್ಮನಿಗೊಂದು ಪತ್ರ

ಸ್ಯಾನ್ ಫ್ರಾನ್ಸಿಸ್ಕೊ
ಭಾನುವಾರ, ರಾತ್ರಿ

ಪ್ರೀತಿಯ ಚಿಕ್ಕಮ್ಮನಿಗೆ,

ನಮಸ್ಕಾರಗಳು. ನಾನಿಲ್ಲಿ ಚೆನ್ನಾಗಿದ್ದೇನೆ. ತಿಪಟೂರಿನಲ್ಲಿ ನೀವೆಲ್ಲ ಕ್ಷೇಮ ಅಂದುಕೊಂಡಿದ್ದೇನೆ. ಅಮ್ಮ ಕಳಿಸಿದ ಕೊಬ್ಬರಿ ಮಿಠಾಯಿ ತಲುಪಿತು. ಒಂದೂ ಪುಡಿಯಾಗಿರಲಿಲ್ಲ.

ಹೋದ ವಾರ ಫೋನಿನಲ್ಲಿ ನೀನು ಒಂದು ಮಾತು ಕೇಳಿದೆ. "ನಿನಗೆ ಚೀನಾದವರ ಭಾಷೆ ಬರಲ್ಲ, ಅವರಿಗೆ ಇಂಗ್ಲಿಷ್ ಬರಲ್ಲ. ಮತ್ತೆ ನೀನು ಅಲ್ಲಿ ಏನು ಸಹಾಯ ಮಾಡ್ತೀಯ?" ನಾನು ಉತ್ತರ ಹೇಳುವಷ್ಟರಲ್ಲಿ ಚಿಕ್ಕಪ್ಪ ಫೋನ್ ತಗೊಂಡರು. ಮಾತು ತೋಟಕ್ಕೆ, ಬೋರ್‌ವೆಲ್ಲಿಗೆ ಹೋಯಿತು. ಫೋನಿನಲ್ಲಿ ಇದು ಯಾವಾಗಲೂ ಅರ್ಧಕ್ಕೆ ನಿಲ್ಲುತ್ತೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ನಿಧಾನಕ್ಕೆ ಓದು.

ನನ್ನ ಕೆಲಸಕ್ಕೆ ಇಲ್ಲಿ ಪೇಷಂಟ್ ನ್ಯಾವಿಗೇಟರ್ ಅನ್ನುತ್ತಾರೆ. ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ರೋಗಿಯ ಜೊತೆ ಹೋಗುವವಳು. ಯಾವ ಕೌಂಟರಿಗೆ ಹೋಗಬೇಕು, ಯಾವ ಫಾರಂ ತುಂಬಬೇಕು, ಡಾಕ್ಟರ ಹತ್ತಿರ ಏನು ಕೇಳಬೇಕು, ಇದನ್ನೆಲ್ಲ ನೋಡಿಕೊಳ್ಳುತ್ತೇನೆ. 1990ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹೆರಾಲ್ಡ್ ಫ್ರೀಮನ್ ಎಂಬ ಸರ್ಜನ್ ಇದನ್ನು ಶುರು ಮಾಡಿದರು. ಅಲ್ಲಿನ ಬಡ ಕಪ್ಪು ಹೆಂಗಸರು ಎದೆಯ ಗಂಟು ತುಂಬಾ ಬಲಿತ ಮೇಲೆ ಆಸ್ಪತ್ರೆಗೆ ಬರುತ್ತಿದ್ದರು. ದುಡ್ಡಿಲ್ಲ, ಇನ್ಶೂರೆನ್ಸ್ ಇಲ್ಲ, ಒಳಗೆ ಬಂದರೆ ಎಲ್ಲಿಗೆ ಹೋಗಬೇಕೆಂದೂ ಗೊತ್ತಿಲ್ಲ. ಅಂಥವರ ಜೊತೆ ಒಬ್ಬರು ಇರಲಿ ಎಂದು ಅವರು ಏರ್ಪಾಡು ಮಾಡಿದರು. ಈಗ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ನನ್ನಂಥವರಿದ್ದಾರೆ.

ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಚೀನಾದಿಂದ ಬಂದ ಹೆಂಗಸರು. ಸ್ತನದ ಕ್ಯಾನ್ಸರ್ ಆಗಿ, ಆಪರೇಷನ್, ಕೀಮೋ ಎಲ್ಲ ಮುಗಿಸಿದವರು. ನಿನ್ನ ಹಾಗೆ.

ಇಲ್ಲಿನ ಚೈನಾಟೌನ್ ನೀನು ನೋಡಬೇಕು ಚಿಕ್ಕಮ್ಮ. ಸ್ಟಾಕ್ಟನ್ ಸ್ಟ್ರೀಟ್‌ನಲ್ಲಿ ಬೆಳಿಗ್ಗೆ ನಡೆದರೆ ನಮ್ಮ ಸಂತೆಯ ಹಾಗೇ ಇರುತ್ತದೆ. ಹಾಗಲಕಾಯಿ, ತಾವರೆ ದಂಟು, ಬೂದುಗುಂಬಳದ ಹೋಳು. ಬೂದುಗುಂಬಳ ತಂಪು ಅಂತ ಅವರೂ ಹೇಳುತ್ತಾರೆ, ಅದರ ಸೂಪ್ ಮಾಡುತ್ತಾರೆ. ಉಷ್ಣ ಯಾವುದು, ತಂಪು ಯಾವುದು ಅಂತ ಅವರ ಮನೆಗಳಲ್ಲೂ ಲೆಕ್ಕ ಇದೆ. ಬಾಣಂತಿಗೆ ಒಂದು ತಿಂಗಳ ಪಥ್ಯವೂ ಇದೆ. ಅಲ್ಲೇ ಚೈನೀಸ್ ಹಾಸ್ಪಿಟಲ್ ಅಂತ ಒಂದು ಆಸ್ಪತ್ರೆ ಇದೆ, 1925ರದ್ದು. ಒಂದು ಕಾಲದಲ್ಲಿ ಈ ಊರಿನ ಆಸ್ಪತ್ರೆಗಳು ಚೀನಾದವರನ್ನು ಒಳಗೇ ಸೇರಿಸುತ್ತಿರಲಿಲ್ಲ. 1882ರಿಂದ 1943ರವರೆಗೆ ಅವರು ಈ ದೇಶಕ್ಕೆ ಬರುವುದನ್ನೇ ತಡೆಯುವ ಕಾನೂನು ಇತ್ತು. ಅದಕ್ಕೇ ಅವರೇ ದುಡ್ಡು ಕೂಡಿಸಿ ತಮ್ಮ ಆಸ್ಪತ್ರೆ ಕಟ್ಟಿಕೊಂಡರು. ಪುಟ್ಟನಿಗೆ ಹೇಳು, ಬ್ರೂಸ್ ಲೀ ಹುಟ್ಟಿದ್ದು ಅಲ್ಲೇ, 1940ರಲ್ಲಿ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ.

ಮೊದಲ ವರ್ಷ ನನಗೂ ಭಾಷೆಯೇ ಕಷ್ಟ ಅನ್ನಿಸಿತ್ತು. ಚೀನೀ ಭಾಷೆ ಅಂದರೆ ಒಂದೇ ಅಲ್ಲ. ಇಲ್ಲಿಗೆ ಮೊದಲು ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಚೀನಾದ ತೋಯ್‌ಸಾನ್ ಕಡೆಯವರು. ಅವರ ಮಾತು ಬೇರೆ. ಕ್ಯಾಂಟನೀಸ್ ಬೇರೆ, ಮ್ಯಾಂಡರಿನ್ ಬೇರೆ. ಬರೆದರೆ ಬಹಳಷ್ಟು ಅರ್ಥವಾಗುತ್ತೆ, ಮಾತಾಡಿದರೆ ಆಗಲ್ಲ. ಒಂದು ಕ್ಲಿನಿಕ್‌ನಲ್ಲಿ ತೋಯ್‌ಸಾನ್‌ನ ಅಜ್ಜಿಯೊಬ್ಬರಿಗೆ ಮ್ಯಾಂಡರಿನ್ ದುಭಾಷಿಯನ್ನು ಫೋನಿನಲ್ಲಿ ಕೊಟ್ಟಿದ್ದರು. ಅಜ್ಜಿ ಇಪ್ಪತ್ತು ನಿಮಿಷ ತಲೆ ಆಡಿಸಿದರು. ಹೊರಗೆ ಬಂದು ನನ್ನ ಜೊತೆ ಕೆಲಸ ಮಾಡುವ ಕ್ಯಾಂಟನೀಸ್ ಹುಡುಗಿಯ ಹತ್ತಿರ, "ಆ ಹೆಂಗಸು ಏನು ಹೇಳ್ತಿದ್ದಳು?" ಅಂತ ಕೇಳಿದರು.

ಕೆಲವು ಪದಗಳು ಮಾತ್ರ ನಮ್ಮ ಮನೆಯಿಂದಲೇ ಹೋದ ಹಾಗಿವೆ. ರೇಡಿಯೇಷನ್‌ಗೆ ಹಾಂಗ್‌ಕಾಂಗ್ ಕಡೆಯವರು 'ದಿನ್ ಲಿಯು' ಅನ್ನುತ್ತಾರೆ. ಹಾಗಂದರೆ ಕರೆಂಟಿನ ಚಿಕಿತ್ಸೆ! ನೀನೂ "ಕರೆಂಟ್ ಕೊಟ್ಟರು" ಅಂತಲೇ ಹೇಳ್ತೀಯಲ್ಲ. ಅದನ್ನು ಮೊದಲ ಸಲ ಕೇಳಿದ ದಿನ ನಿನ್ನ ನೆನಪು ತುಂಬಾ ಬಂತು. ಕರೆಂಟ್ ಅಂದರೆ ಶಾಕ್ ಹೊಡೆಯುತ್ತೆ ಅಂತ ನೀನು ಹೆದರಿದ್ದೆ. ಇಲ್ಲೂ ಅದೇ ಹೆದರಿಕೆ. ಡಾಕ್ಟರಿಗೆ ಅವರು ಯಾಕೆ ಹೆದರುತ್ತಾರೆ ಅಂತಲೇ ಗೊತ್ತಾಗುವುದಿಲ್ಲ, ಡಾಕ್ಟರು ಹೇಳುವ ಇಂಗ್ಲಿಷ್ ಪದದಲ್ಲಿ ಕರೆಂಟೇ ಇಲ್ಲವಲ್ಲ.

ನನಗೆ ನಿಜವಾಗಿ ಕಣ್ಣು ತೆರೆಸಿದ್ದು ಇನ್ನೊಂದು ವಿಷಯ. ಸ್ವಲ್ಪ ಇಂಗ್ಲಿಷ್ ಬರುವ ಒಬ್ಬರಿದ್ದರು. ದುಭಾಷಿ ಬೇಡ, ನಾನೇ ಮಾತಾಡುತ್ತೇನೆ ಅಂದರು. ಡಾಕ್ಟರು ಕೇಳಿದರು, "ತೋಳಿನಲ್ಲಿ ನೋವಿಲ್ಲ ತಾನೆ?" ಅವರು "ಯೆಸ್" ಅಂದರು. ಡಾಕ್ಟರು ನೋವಿದೆ ಅಂತ ಬರೆದುಕೊಂಡರು. ಒಂದು ಸ್ಕ್ಯಾನ್ ಬರೆದುಕೊಟ್ಟರು. ಆ ಹೆಂಗಸು ಕ್ಯಾನ್ಸರ್ ಮತ್ತೆ ಬಂತು ಅಂತ ಒಂದು ವಾರ ನಿದ್ದೆ ಮಾಡಲಿಲ್ಲ.

ಈಗ ನೀನೇ ಹೇಳು. "ಇನ್ನೂ ಊಟ ಆಗಿಲ್ವಾ?" ಅಂತ ಕೇಳಿದರೆ ನೀನು ಏನನ್ನುತ್ತೀಯ? "ಹೂಂ, ಆಗಿಲ್ಲ" ಅನ್ನುತ್ತೀಯ. ನೀವು ಹೇಳಿದ್ದು ಸರಿ ಅಂತ ಅದರ ಅರ್ಥ. ಚೀನೀ ಭಾಷೆಯಲ್ಲೂ ಹೀಗೇ. ಇಂಗ್ಲಿಷಿನಲ್ಲಿ ಉಲ್ಟಾ. ಊಟ ಆಗದಿದ್ದರೆ "ನೋ" ಅನ್ನಬೇಕು. ಆ ಹೆಂಗಸು "ಯೆಸ್" ಅಂದದ್ದು "ಹೂಂ, ನೋವಿಲ್ಲ" ಅಂತ. ಡಾಕ್ಟರಿಗೂ ನರ್ಸಿಗೂ ಇದು ಹೊಳೆಯಲಿಲ್ಲ. ನನಗೆ ಹೊಳೆದದ್ದು ಕನ್ನಡದಿಂದ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ನನ್ನ ಬಾಯಿಯಲ್ಲೂ ಹಾಗೇ ಬರುತ್ತಿತ್ತು. ಅವತ್ತಿನಿಂದ ನಾನು ಡಾಕ್ಟರುಗಳಿಗೆ ಕೈ ಮುಗಿದು ಕೇಳುತ್ತೇನೆ, "ನೋವಿಲ್ಲ ತಾನೆ ಅಂತ ಕೇಳಬೇಡಿ. ಎಲ್ಲಿ ನೋವಿದೆ, ತೋರಿಸಿ ಅಂತ ಕೇಳಿ." ಕೆಲವರು ಬದಲಾಗಿದ್ದಾರೆ.

ಹಾಗಂತ ಭಾಷೆ ಸರಿಯಾದರೆ ಎಲ್ಲ ಸರಿಯಾಗಲ್ಲ. ಒಬ್ಬ ಪೋ ಪೋ ಇದ್ದಾರೆ. ವಯಸ್ಸಾದ ಹೆಂಗಸರನ್ನು ಕ್ಯಾಂಟನೀಸ್‌ನಲ್ಲಿ ಹಾಗೆ ಕರೆಯುತ್ತಾರೆ, ನಾವು ಅಜ್ಜಿ ಅಂದ ಹಾಗೆ. ಹೆಸರು ಬರೆಯುವುದಿಲ್ಲ. ವರ್ಷಗಟ್ಟಲೆ ಬಟ್ಟೆ ಹೊಲಿಯುವ ಫ್ಯಾಕ್ಟರಿಯಲ್ಲಿ ದುಡಿದವರು. ಆಪರೇಷನ್ ಮಾಡುವಾಗ ಅವರ ಕಂಕುಳಿನ ಲಿಂಫ್ ಗ್ರಂಥಿಗಳನ್ನೂ ತೆಗೆದಿದ್ದರು. ಹಾಗೆ ತೆಗೆದರೆ ಕೆಲವರಿಗೆ ತೋಳಿನಲ್ಲಿ ನೀರು ಇಳಿಯದೆ ಊದಿಕೊಳ್ಳುತ್ತದೆ. ಬೇಗ ಹೇಳಿದರೆ ಬಿಗಿಯಾದ ತೋಳುಪಟ್ಟಿ, ಮಸಾಜ್, ವ್ಯಾಯಾಮದಿಂದ ಹಿಡಿತಕ್ಕೆ ತರಬಹುದು. ಪೋ ಪೋ ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಉದ್ದ ತೋಳಿನ ಅಂಗಿ ಹಾಕಿಕೊಂಡು ಬರುತ್ತಿದ್ದರು. ಒಳ್ಳೆಯ ಕ್ಯಾಂಟನೀಸ್ ದುಭಾಷಿ ಪಕ್ಕದಲ್ಲೇ ಇದ್ದರೂ ಹೇಳಲಿಲ್ಲ. ಕೊನೆಗೆ ಬಳೆ ತೆಗೆಯಲಾಗದೆ ಒದ್ದಾಡುವಾಗ ನನ್ನ ಕಣ್ಣಿಗೆ ಬಿತ್ತು. ಯಾಕೆ ಹೇಳಲಿಲ್ಲ ಅಂತ ಕೇಳಿಸಿದೆ. "ಡಾಕ್ಟರು ಜೀವ ಉಳಿಸಿದ್ದಾರೆ. ಕೈ ಊದಿದ್ದಕ್ಕೆಲ್ಲ ಮಾ ಫಾನ್ ಕೊಡಬೇಕಾ?" ಅಂದರು.

ಮಾ ಫಾನ್ ಅಂದರೆ ತೊಂದರೆ. ದಿನಕ್ಕೆ ಹತ್ತು ಸಲ ಈ ಪದ ಕೇಳುತ್ತೇನೆ. ಡಾಕ್ಟರಿಗೆ ಮಾ ಫಾನ್ ಬೇಡ, ಮಗಳಿಗೆ ಬೇಡ, ನಿಮಗೆ ಬೇಡ. ನನಗೆ ಬರುವ ಕ್ಯಾಂಟನೀಸ್‌ನಲ್ಲಿ ಚೆನ್ನಾಗಿ ಬರುವುದು ಒಂದೇ ವಾಕ್ಯ, "ಮಾ ಫಾನ್ ಅಲ್ಲ". ಅದನ್ನು ಹೇಳುತ್ತಲೇ ಇರುತ್ತೇನೆ.

ಮಕ್ಕಳ ಕಥೆ ಇನ್ನೊಂದು. ಅಮ್ಮನಿಗೆ ಇಂಗ್ಲಿಷ್ ಬರಲ್ಲ ಅಂತ ಹದಿಮೂರು ವರ್ಷದ ಹುಡುಗ ಜೊತೆಗೆ ಬರುತ್ತಾನೆ. ಎದೆ, ಮುಟ್ಟು, ಗರ್ಭಕೋಶ, ಇವೆಲ್ಲ ಅವನು ಅಮ್ಮನ ಮುಖ ನೋಡಿಕೊಂಡು ಹೇಳಬೇಕು. ಅವನಿಗೆ ಆಗುತ್ತಾ? ಅರ್ಧ ನುಂಗಿಬಿಡುತ್ತಾನೆ. ದೊಡ್ಡ ಮಕ್ಕಳಾದರೆ ಕ್ಯಾನ್ಸರ್ ಅನ್ನುವ ಪದವನ್ನೇ ಬಿಟ್ಟು "ಚಿಕ್ಕ ಗಂಟು" ಅನ್ನುತ್ತಾರೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ನಾನು ಅವರನ್ನು ಬೈಯುವುದಿಲ್ಲ. ಆದರೆ ಇಲ್ಲಿ ಕಾನೂನಿದೆ. ಸರ್ಕಾರದ ದುಡ್ಡು ಪಡೆಯುವ ಆಸ್ಪತ್ರೆ ದುಭಾಷಿಯನ್ನು ಬಿಟ್ಟಿಯಾಗಿ ಕೊಡಬೇಕು. ತೀರಾ ತುರ್ತು ಬಿಟ್ಟರೆ ಚಿಕ್ಕ ಮಕ್ಕಳ ಬಾಯಲ್ಲಿ ಇದನ್ನು ಹೇಳಿಸುವ ಹಾಗಿಲ್ಲ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಅಪಾಯಿಂಟ್‌ಮೆಂಟ್ ಮಾಡುವಾಗಲೇ "ಕ್ಯಾಂಟನೀಸ್ ಬೇಕು" ಅಂತ ಹೇಳಿ ಎಂದು ಅವರಿಗೆ ಹೇಳಿಕೊಡುತ್ತೇನೆ.

ಶನಿವಾರ ನಾವೆಲ್ಲ ಒಂದು ಕೋಣೆಯಲ್ಲಿ ಸೇರುತ್ತೇವೆ. ಎಂಟೋ ಹತ್ತೋ ಹೆಂಗಸರು, ಒಂದು ದೊಡ್ಡ ಟೀ ಪಾತ್ರೆ. ಮುಂದಿನ ವಾರ ಯಾರಿಗೆ ಡಾಕ್ಟರ ಭೇಟಿ ಇದೆಯೋ ಅವರು ಮಧ್ಯೆ ಕೂರುತ್ತಾರೆ. ನಾನು ಡಾಕ್ಟರ್ ಆಗುತ್ತೇನೆ. ಅವಸರ ಮಾಡುತ್ತೇನೆ, ಕಂಪ್ಯೂಟರ್ ನೋಡುತ್ತೇನೆ, ಬಾಗಿಲ ಹಿಡಿ ಹಿಡಿಯುತ್ತೇನೆ. ಅವರು "ಇನ್ನೊಂದು ಪ್ರಶ್ನೆ ಇದೆ" ಅಂತ ನನ್ನನ್ನು ನಿಲ್ಲಿಸಬೇಕು. ಈ ಒಂದು ಮಾತು ಬಾಯಿಂದ ಹೊರಡಿಸಲು ಪೋ ಪೋಗೆ ನಾಲ್ಕು ಶನಿವಾರ ಬೇಕಾಯಿತು. ಹೊರಟಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ಒಂದು ಹಾಳೆಯಲ್ಲಿ ಮೂರು ಪ್ರಶ್ನೆ ಬರೆಸುತ್ತೇವೆ. ಮುಖ್ಯವಾದದ್ದು ಮೇಲೆ, ಯಾಕೆಂದರೆ ಮೂರನೆಯದಕ್ಕೆ ಸಮಯ ಸಿಗದೇ ಇರಬಹುದು. ಮೇಲೆ ಚೀನೀ, ಕೆಳಗೆ ಇಂಗ್ಲಿಷ್. ಮಾತು ಹೊರಡದಿದ್ದರೆ ಹಾಳೆಯನ್ನೇ ಕೊಟ್ಟುಬಿಡಬಹುದು. ಮನೆಯಲ್ಲಿ ಕುಡಿಯುವ ಬೇರು, ಕಷಾಯದ ಪುಡಿ ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಅನ್ನುತ್ತೇವೆ. ದಾಂಗ್ ಗುಯಿ ಅಂತ ಒಂದು ಬೇರು ಅವರ ಸೂಪಿನಲ್ಲಿ ಇರುತ್ತೆ, ಹೆಂಗಸರಿಗೆ ಒಳ್ಳೆಯದು ಅಂತ. ಹಾರ್ಮೋನಿಗೆ ಸಂಬಂಧಿಸಿದ ಕ್ಯಾನ್ಸರ್ ಆದವರು ಅದನ್ನು ಡಾಕ್ಟರನ್ನು ಕೇಳದೆ ತಗೊಳ್ಳಬಾರದು. ಬೈತಾರೆ ಅಂತ ಮುಚ್ಚಿಟ್ಟರೆ ಅಪಾಯ. ಹೊರಡುವ ಮೊದಲು ಡಾಕ್ಟರು ಹೇಳಿದ್ದನ್ನು ತಮ್ಮ ಮಾತಿನಲ್ಲಿ ಅವರಿಗೇ ತಿರುಗಿ ಹೇಳಬೇಕು. ತಪ್ಪು ತಿಳಿದಿದ್ದರೆ ಅಲ್ಲೇ ಸರಿಯಾಗುತ್ತೆ.

ಚಿಕ್ಕಮ್ಮ, ಈಗ ನಿನ್ನ ವಿಷಯ. ಬೇಜಾರು ಮಾಡಿಕೊಳ್ಳಬೇಡ.

ಬೆಳಿಗ್ಗೆ ಬೆರಳು ಮಡಚೋಕೆ ಆಗಲ್ಲ, ಕಾಯಿ ತುರಿಯೋಕೆ ಆಗಲ್ಲ ಅಂತ ಅಮ್ಮನ ಹತ್ತಿರ ಹೇಳಿದ್ದೀಯ. ನನ್ನ ಹತ್ತಿರ ಹೇಳಲಿಲ್ಲ. ವಯಸ್ಸಾಯ್ತು ಅಂದುಕೊಂಡಿದ್ದೀಯಂತೆ. ನೀನು ದಿನಾ ತಗೊಳ್ಳುವ ಲೆಟ್ರೊಜೋಲ್ ಮಾತ್ರೆಯಿಂದ ಕೀಲು ನೋವು ಬರುವುದು ತುಂಬಾ ಸಾಮಾನ್ಯ. ಮೂಳೆಯೂ ತೆಳ್ಳಗಾಗಬಹುದು, ಅದಕ್ಕೆ ಪರೀಕ್ಷೆ ಇದೆ. ನೋವಿಗೆ ದಾರಿಯಿದೆ, ಬೇಕಾದರೆ ಮಾತ್ರೆ ಬದಲಿಸುತ್ತಾರೆ. ಆದರೆ ನೀನಾಗಿ ನಿಲ್ಲಿಸಬೇಡ. ಇಲ್ಲಿ ಹಾಗೆ ಸದ್ದಿಲ್ಲದೆ ನಿಲ್ಲಿಸಿ, ಕೇಳಿದಾಗ ತಲೆ ಆಡಿಸಿದವರನ್ನು ನೋಡಿದ್ದೇನೆ. ಆ ಮಾತ್ರೆ ಇರುವುದು ಕಾಯಿಲೆ ಮತ್ತೆ ಬರದ ಹಾಗೆ ನೋಡಿಕೊಳ್ಳಲು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಎಷ್ಟು ಕ್ಯೂ ಇರುತ್ತೆ ಅಂತ ನನಗೆ ಗೊತ್ತು. ಡಾಕ್ಟರು ಇಂಗ್ಲಿಷಿನಲ್ಲೇ ಮಾತಾಡುತ್ತಾರೆ, ಚಿಕ್ಕಪ್ಪನೇ ಎಲ್ಲದಕ್ಕೂ "ಚೆನ್ನಾಗಿದ್ದಾಳೆ ಸಾರ್" ಅಂತ ಉತ್ತರ ಕೊಟ್ಟುಬಿಡುತ್ತಾರೆ. ಅವರಿಗೆ ನಿನ್ನ ಮೇಲೆ ಪ್ರಾಣ, ಅದಕ್ಕೇ ಹಾಗೆ ಹೇಳುತ್ತಾರೆ. ಆದರೆ ಬೆರಳು ನೋಯುವುದು ನಿನಗೆ ಅಲ್ವಾ? ಈ ಸಲ ಚಿಕ್ಕಪ್ಪ ಫೈಲ್ ಹಿಡಿದುಕೊಂಡಿರಲಿ, ಮಾತು ನೀನು ಆಡು. ಇದನ್ನು ಅವರಿಗೂ ಓದಿ ಹೇಳು. ಪುಟ್ಟನನ್ನು ಒಳಗೆ ಕರೆದುಕೊಂಡು ಹೋಗುವುದು ಬೇಡ, ಅವನಿಗಿನ್ನೂ ಹದಿನಾಲ್ಕು.

ಪತ್ರದ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ನಮ್ಮ ಶನಿವಾರದ ಹಾಳೆಯೇ, ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್. ಮೊದಲನೆಯದು ಬೆರಳಿನ ನೋವಿನದು, ನಾನೇ ಬರೆದಿದ್ದೇನೆ. ಎರಡನೆಯದು ಮೂಳೆಯ ಪರೀಕ್ಷೆಯದು. ಮೂರನೆಯದನ್ನು ಖಾಲಿ ಬಿಟ್ಟಿದ್ದೇನೆ. ನಿನ್ನ ಮನಸ್ಸಿನಲ್ಲಿ ಏನಿದೆಯೋ ಅದನ್ನು ನೀನೇ ಬರೆದು, ಫೋಟೋ ತೆಗೆದು ಕಳಿಸು. ಕೆಳಗಿನ ಇಂಗ್ಲಿಷ್ ನಾನು ಬರೆದುಕೊಡುತ್ತೇನೆ.

ಅಮ್ಮನಿಗೆ, ಚಿಕ್ಕಪ್ಪನಿಗೆ ನಮಸ್ಕಾರ. ಪುಟ್ಟನಿಗೆ ಪ್ರೀತಿ.

ಇಂತಿ ನಿನ್ನ,
ಮಗಳು