ಸಾಮಾನು ಹಾಕಿಸೋ ಮೊದಲು, ಗಾಡಿ ಯಾವಾಗ ನಡುಗುತ್ತೆ ಅಂತ ನೋಡು

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನೆ ಅಕ್ಕ ಫೋನ್ ಮಾಡಿದ್ದಳು. ನೀನು ತಗೊಂಡ ಹಳೇ ಜೀಪು 70ರ ಹತ್ತಿರ ಬಂದರೆ ನಡುಗುತ್ತಂತೆ. ಒಬ್ಬರು ಕ್ರಾಸ್, ಅಂದರೆ ಇಂಜಿನ್ ಕಡೆಯಿಂದ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಉದ್ದನೆ ಶಾಫ್ಟಿನ ತುದಿಯ ಕೀಲು, ಹೋಗಿದೆ ಅಂದರಂತೆ, ಇನ್ನೊಬ್ಬರು ನಾಲ್ಕೂ ಟೈರ್ ಹೊಸದು ಹಾಕಿಸಿ ಅಂದರಂತೆ. ಸಂಬಳದಲ್ಲಿ ಉಳಿಸಿ ತಗೊಂಡ ಗಾಡಿ ಅದು. ದಯವಿಟ್ಟು ಈಗಲೇ ಯಾವ ಸಾಮಾನೂ ಹಾಕಿಸಬೇಡ. ಯಾವ ಸ್ಪೀಡಲ್ಲಿ, ಯಾವ ಗೇರಲ್ಲಿ, ಆಕ್ಸಿಲೇಟರ್ ಒತ್ತಿದಾಗಲೋ ಬಿಟ್ಟಾಗಲೋ ನಡುಗುತ್ತೆ ಅಂತ ಮೊದಲು ಒಂದು ಚೀಟಿಯಲ್ಲಿ ಬರೆದುಕೋ.

ಅದಕ್ಕೂ ಮುಂಚೆ ಚಕ್ರಗಳ ಒಳಮಗ್ಗುಲು ಚೆನ್ನಾಗಿ ತೊಳೆಸು. ನಮ್ಮ ಕೆಂಪುಮಣ್ಣು ರಿಮ್ಮಿನೊಳಗೆ ಮೆತ್ತಿಕೊಂಡು ಒಣಗಿದರೆ ಇಟ್ಟಿಗೆಯಂತೆ ಗಟ್ಟಿಯಾಗುತ್ತೆ. ವೀಲ್ ಬ್ಯಾಲೆನ್ಸಿಂಗ್‌ನಲ್ಲಿ ಕೆಲವೇ ಗ್ರಾಂ ತೂಕ ಅಂಟಿಸಿ ನಡುಕ ನಿಲ್ಲಿಸ್ತಾರೆ. ಅಂಗೈಯಗಲದ ಮಣ್ಣು ಒಂದೇ ಕಡೆ ಕೂತರೆ ಏನಾಗಬಹುದು, ನೀನೇ ಯೋಚಿಸು. ತೋಟದ ದಾರಿಯಲ್ಲಿ ಓಡಾಡಿದ ಗಾಡಿಗಳಿಗೆ ಮಳೆಗಾಲದಲ್ಲಿ ಇದು ಇದ್ದದ್ದೇ.

ಆಮೇಲೆ ಒಂದು ದಿನ ಬೆಳಿಗ್ಗೆ ಬೇಗ, ರಸ್ತೆ ಖಾಲಿ ಇರುವಾಗ, ಭದ್ರಾವತಿ ಕಡೆ ಮಟ್ಟಸ ರಸ್ತೆಯಲ್ಲಿ ಹೋಗು. ಮಂಡಗದ್ದೆ ಕಡೆಯ ತಿರುವುಗಳಲ್ಲಿ ಈ ಪರೀಕ್ಷೆ ಖಂಡಿತ ಬೇಡ. ನಡುಕ ಬರುವ ಸ್ಪೀಡಲ್ಲೇ ನಾಲ್ಕನೇ ಗೇರಲ್ಲಿ ಸ್ವಲ್ಪ ದೂರ, ಐದನೇ ಗೇರಲ್ಲಿ ಸ್ವಲ್ಪ ದೂರ ಓಡಿಸು. ಗೇರ್ ಬದಲಾದರೂ ನಡುಕ ಹಾಗೇ ಇದ್ದರೆ ಅದು ಚಕ್ರದ್ದು, ಇಲ್ಲವೇ ಹಿಂದಿನ ಚಕ್ರಗಳ ನಡುವಿನ ಹೌಸಿಂಗ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನದ್ದು. ಗೇರಿನ ಜೊತೆ ನಡುಕವೂ ಬದಲಾದರೆ ಇಂಜಿನ್ ಕೂರಿಸಿದ ರಬ್ಬರ್ ಮೌಂಟಿಂಗ್ ಕಡೆ ನೋಡಬೇಕು. ನಿಂತಲ್ಲಿಂದ ಹೊರಡುವಾಗ ಮಾತ್ರ ಗಡಗಡ ಅಂದರೆ ಹೆಚ್ಚಾಗಿ ಕ್ಲಚ್, ಬ್ರೇಕ್ ಹಿಡಿದಾಗ ಮಾತ್ರ ಸ್ಟೇರಿಂಗ್ ಅದುರಿದರೆ ಬ್ರೇಕ್ ಡಿಸ್ಕ್. ಬ್ರೇಕಿನ ಅದುರಿಗೂ ಕ್ರಾಸಿಗೂ ಸಂಬಂಧವಿಲ್ಲ.

ಚಕ್ರವೋ ಶಾಫ್ಟೋ ಅನ್ನೋದು ಮೈಗೇ ಗೊತ್ತಾಗುತ್ತೆ. ಗಂಟೆಗೆ 72 ಕಿ.ಮೀ. ಅಂದರೆ ಸೆಕೆಂಡಿಗೆ 20 ಮೀಟರ್. ಟೈರಿನ ಸುತ್ತಳತೆ ಸುಮಾರು 2.2 ಮೀಟರ್ ಅಂತಿಟ್ಟುಕೋ, ಚಕ್ರ ಸೆಕೆಂಡಿಗೆ 9 ಸುತ್ತು ತಿರುಗುತ್ತೆ. ಇಂಥ ಗಾಡಿಗಳಲ್ಲಿ ಶಾಫ್ಟ್ ಅದರ ನಾಲ್ಕು ಪಟ್ಟು ಆಸುಪಾಸು, ಅಂದರೆ 36 ಸುತ್ತು. ಹಾಗಾಗಿ ಚಕ್ರದ ನಡುಕ ಎಣಿಸಬಹುದೇನೋ ಅನ್ನುವಷ್ಟು ನಿಧಾನ. ಮುಂದಿನದಾದರೆ ಸ್ಟೇರಿಂಗಲ್ಲಿ, ಹಿಂದಿನದಾದರೆ ಸೀಟಲ್ಲಿ ಗೊತ್ತಾಗುತ್ತೆ. ಶಾಫ್ಟಿನದು ಕಾಲಡಿಯ ತಗಡಿನಲ್ಲಿ ಜುಂಯ್ ಅಂತ ಅಂಗಾಲಿಗೆ ಹತ್ತುತ್ತೆ.

ನನಗಾದದ್ದನ್ನೂ ಹೇಳ್ತೇನೆ. ಹಿಂದೆ ನನ್ನ ಗಾಡಿಯಲ್ಲಿ ಗೇರ್ ಹಾಕಿದ ಕೂಡಲೇ ಕೆಳಗೆ ಟಕ್ ಅಂತಿತ್ತು. ಕ್ರಾಸ್ ಹಾಕಿಸಿದೆ. ಟಕ್ ಹೋಯಿತು, ಆದರೆ ಅಲ್ಲಿವರೆಗೆ ಇಲ್ಲದ ನಡುಕ ಶುರುವಾಯಿತು. ಬ್ಯಾಲೆನ್ಸಿಂಗ್ ಮಾಡಿಸಿದೆ, ಟೈರ್ ಬದಲಾಯಿಸಿದೆ, ಎರಡು ತಿಂಗಳು ದುಡ್ಡು ಸುರಿದೆ. ಕೊನೆಗೆ ಲಾರಿ ಕೆಲಸ ಮಾಡುವ ವಯಸ್ಸಾದ ಮೇಸ್ತ್ರಿಯೊಬ್ಬರು ಗಾಡಿ ಅಡಿ ತೂರಿ, ಶಾಫ್ಟಿನ ಎರಡು ತುದಿಯಲ್ಲಿ ಕ್ರಾಸ್ ಹಿಡಿಯುವ ಕವಲುಗಳನ್ನು ಬೆರಳಲ್ಲಿ ತೋರಿಸಿದರು. ಒಂದು ನೆಟ್ಟಗೆ, ಇನ್ನೊಂದು ತುಸು ಓರೆ. ಬಿಚ್ಚಿದವರು ಗುರುತು ಹಾಕದೆ, ಶಾಫ್ಟಿನ ಎರಡು ತುಂಡು ಒಂದರೊಳಗೊಂದು ಕೂರುವ ಹಲ್ಲು ತಪ್ಪಿಸಿ ಸೇರಿಸಿಬಿಟ್ಟಿದ್ದರು. ಬಾಗಿದ ಕೋನದಲ್ಲಿ ತಿರುಗುವ ಕ್ರಾಸ್ ಒಂದು ಸುತ್ತಿನೊಳಗೇ ಶಾಫ್ಟನ್ನು ಎರಡು ಸಲ ಬೇಗ, ಎರಡು ಸಲ ನಿಧಾನ ಮಾಡುತ್ತೆ. ಆ ಏರುಪೇರನ್ನು ಇನ್ನೊಂದು ತುದಿಯ ಕ್ರಾಸ್ ಸರಿದೂಗಿಸಬೇಕಾದರೆ ಎರಡೂ ಕವಲು ಒಂದೇ ಗೆರೆಯಲ್ಲಿರಬೇಕು. ಅವರು ಬಿಚ್ಚಿ, ಕೂಡಿಸಿ, ಬೋಲ್ಟ್ ಬಿಗಿದರು. ಹೊಸ ಸಾಮಾನು ಒಂದೂ ಬೇಕಾಗಲಿಲ್ಲ. ಆದ್ದರಿಂದ ಪುಟ್ಟಿ, ನಾಳೆ ಯಾರೇ ಶಾಫ್ಟ್ ಬಿಚ್ಚಲಿ, ಎದುರು ನಿಂತು ಮೊದಲು ಬಿಳಿ ಪೇಂಟಲ್ಲಿ ಗೆರೆ ಎಳೆಸು. ಸಂಕೋಚ ಬೇಡ.

ಕ್ರಾಸ್ ಹೋಗಿದೆಯೋ ಇಲ್ಲವೋ ಅನ್ನೋದು ಊಹೆಯ ಮಾತಲ್ಲ. ಶಾಫ್ಟ್ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರೆ ಕ್ರಾಸಲ್ಲಿ ಕೂದಲೆಳೆಯಷ್ಟೂ ಲೂಸ್ ಸಿಗಬಾರದು. ಕ್ರಾಸಿನ ತುದಿಗಳನ್ನು ಮುಚ್ಚಿದ ಪುಟ್ಟ ಬಟ್ಟಲ ಅಂಚಲ್ಲಿ ಅರಿಶಿನ ಕುಂಕುಮ ಕಲೆಸಿದಂಥ ತುಕ್ಕಿನ ಪುಡಿ ಕಂಡರೆ ಒಳಗೆ ಗ್ರೀಸ್ ಇಲ್ಲ, ಸೂಜಿ ಬೇರಿಂಗ್ ಒಣಗಿ ಅರೆದಿದೆ ಅಂತ ಅರ್ಥ. ಹಾಗಿದ್ದರೆ ಹಾಕಿಸಲೇಬೇಕು, ತಡ ಮಾಡಬಾರದು. ಓಡುವಾಗ ಶಾಫ್ಟಿನ ಮುಂದಿನ ತುದಿ ಕಳಚಿದರೆ ರಸ್ತೆಗೆ ನಾಟಿ ಗಾಡಿಯನ್ನೇ ಎತ್ತಿಹಾಕಬಹುದು.

ನಿಮ್ಮಮ್ಮನ ಚಿಕ್ಕ ಕಾರಿಗೆ ಈ ಶಾಫ್ಟೇ ಇಲ್ಲ, ಅದನ್ನು ಮುಂದಿನ ಚಕ್ರ ಎಳೆಯೋದು. ಆ ಚಕ್ರದ ಕೀಲಿಗೆ ಮುಚ್ಚಿದ ರಬ್ಬರ್ ಬೂಟ್ ಹರಿದು ರಿಮ್ಮಿನೊಳಗೆ ಗ್ರೀಸ್ ಚಿಮ್ಮಿದೆಯಾ ಅಂತ ಒಮ್ಮೆ ಬಗ್ಗಿ ನೋಡು.

ಭಾನುವಾರ ಬೆಳಿಗ್ಗೆ ನಾನೇ ಶಿವಮೊಗ್ಗಕ್ಕೆ ಬರ್ತೇನೆ, ಗ್ರೀಸ್ ಗನ್ ತರ್ತೇನೆ. ಜಾಕ್ ಇಟ್ಟಿರು, ಆದರೆ ಬರೀ ಜಾಕ್ ನಂಬಿ ನೀನು ಅಡಿಗೆ ಹೋಗಬೇಡ. ಸ್ಟ್ಯಾಂಡ್ ನನ್ನ ಹತ್ತಿರ ಇದೆ. ಮುಂದಿನ ಚಕ್ರಕ್ಕೆ ಕೊಡಲು ನಾಲ್ಕು ಕಲ್ಲು ಹುಡುಕಿಡು. ಅಲ್ಲಿವರೆಗೆ ಆ ಒಂದು ಪರೀಕ್ಷೆ ಬಿಟ್ಟರೆ ಊರೊಳಗೆ ನಿಧಾನ ಓಡಿಸು, ಆಗುಂಬೆ ಘಾಟಿ ಇಳಿಸಬೇಡ. ಚೀಟಿ ಮರೆಯಬೇಡ.

ಇಂತಿ,
ನಿನ್ನ ಮಾವ